ಮೆಟ್ಟಿಲಿನ ಕೆಳಗಿನ ಬಾಟಲಿಗಳು

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿಯೇ ಒಂದು ಬಾಡಿಗೆ ಮನೆಯಿಂದ ಇನ್ನೊಂದಕ್ಕೆ ಸಾಮಾನು ಸಾಗಿಸಬೇಕಾಗಿ ಬಂದಾಗ, ಮೆಟ್ಟಿಲಿನ ಕೆಳಗಿನ ಗೂಡಿನಲ್ಲಿ ನಾನು ಹತ್ತು ವರ್ಷಗಳಿಂದ ಕೂಡಿಟ್ಟಿದ್ದ ಬಿಯರ್ ಬಾಟಲಿಗಳನ್ನು ಏನು ಮಾಡುವುದೆಂಬ ಪ್ರಶ್ನೆ ಎದ್ದಿತು. ಅವೆಲ್ಲವೂ ಒಂದೇ ಬಿಯರು. ಇಲ್ಲಿಂದ ಉತ್ತರಕ್ಕೆ ಎರಡು ತಾಸಿನ ದಾರಿಯಾಗುವ ಚಿಕೊ ಪಟ್ಟಣದ ಸಿಯೆರಾ ನೆವಾಡಾ ಬಿಯರ್ ಕಂಪನಿಯವರು 1983ರಿಂದ ತಯಾರಿಸುತ್ತ ಬಂದಿರುವ ಬಿಗ್‌ಫುಟ್ ಎಂಬ ಬಾರ್ಲಿವೈನ್ ಅದು. ಹೆಸರಿನಲ್ಲಿ ವೈನ್ ಇದ್ದರೂ ಅಪ್ಪಟ ಬಿಯರೇ. ಆದರೆ ಆಲ್ಕೊಹಾಲ್ ಶೇ. 9.6ರಷ್ಟಿರುತ್ತದೆ, ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಹಾಪ್ಸ್ ಹೂವುಗಳನ್ನಂತೂ ಕೈಬಿಚ್ಚಿ ಸುರಿದಿರುತ್ತಾರೆ. ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಅಂಗಡಿಗೆ ಬರುವ ಇದನ್ನು ಕೆಲವರು ಆ ವರ್ಷವೇ ಕುಡಿದು ಮುಗಿಸುತ್ತಾರೆ, ಕೆಲವರು ಉಪ್ಪಿನಕಾಯಿ ಭರಣಿಯಂತೆ ಕತ್ತಲಲ್ಲಿಟ್ಟು ಕಾಯುತ್ತಾರೆ. ನಾನು ಎರಡನೆಯ ಜಾತಿಯವನು.

ಸಾಮಾನು ಕಟ್ಟಲು ನೆರವಾಗಲೆಂದು ಬಂದಿದ್ದ ಪುತ್ತೂರಿನ ಗೆಳೆಯ ಆ ಗೂಡನ್ನು ನೋಡಿದವನೇ, "ಇದನ್ನೆಲ್ಲ ಹೊತ್ತುಕೊಂಡು ಹೋಗುವುದೆಂತ ಮಾರಾಯ, ಇಲ್ಲಿಯೇ ಕುಡಿದು ಖಾಲಿ ಮಾಡುವ" ಎಂದ. ಹೀಗಾಗಿ 2014, 2017, 2020 ಮತ್ತು 2023ರ ತಲಾ ಒಂದು ಬಾಟಲಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿ, ಇನ್ನೂ ಡಬ್ಬಿ ಸೇರದೆ ಉಳಿದಿದ್ದ ನಾಲ್ಕು ಗಾಜಿನ ಲೋಟಗಳಿಗೆ ಸುರಿದೆವು. ನನ್ನ ಹೆಂಡತಿ ಕುಡಿಯುವವಳಲ್ಲ. ಆದರೆ ಅವಳ ಮೂಗಿಗೆ ಸರಿಸಾಟಿಯಾದದ್ದು ಆ ಮನೆಯಲ್ಲಿ ಇರಲಿಲ್ಲ.

2023ರ ಬಾಟಲಿ ಇನ್ನೂ ಹುಡುಗುತನದಲ್ಲಿತ್ತು. ಲೋಟ ಮೂಗಿನ ಹತ್ತಿರ ಬರುವ ಮೊದಲೇ ಚಕ್ಕೋತದ ಸಿಪ್ಪೆ ಸುಲಿದಾಗಿನ ಘಾಟು, ಅದರ ಹಿಂದೆಯೇ ಆಗಷ್ಟೇ ಕಡಿದ ಮರದ ರಾಳದ ವಾಸನೆ. ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಹಾಗಲಕಾಯಿಯಂತೆ ಕಚ್ಚಿಕೊಂಡು ಕೂರುವ ಕಹಿ. 2020ರದ್ದರಲ್ಲಿ ಕಹಿ ಬಹುಪಾಲು ಹಾಗೆಯೇ ಇತ್ತು, ಚಕ್ಕೋತ ಮಾತ್ರ ಇರಲಿಲ್ಲ. ಹಾಪ್ಸಿನ ಪರಿಮಳಕ್ಕೆ ಕಾರಣವಾದ ಮಿರ್ಸೀನ್ ಮುಂತಾದ ತೈಲಾಂಶಗಳು ಬಹಳ ಚಂಚಲವಾದವು. ಅವು ಆಮ್ಲಜನಕದೊಡನೆ ಬೆರೆತು ರೂಪ ಬದಲಿಸುತ್ತವೆ, ಒಂದಿಷ್ಟು ಪಾಲು ಬಾಟಲಿಯ ಮುಚ್ಚಳದ ಒಳಗಿನ ಪ್ಲಾಸ್ಟಿಕ್ ಪದರಕ್ಕೇ ಅಂಟಿಕೊಂಡು ಹೋಗುತ್ತದೆ. ಕಹಿಯ ಕಥೆ ಬೇರೆ. ಕುದಿಯುವಾಗ ಹಾಪ್ಸಿನ ಆಲ್ಫಾ ಆಮ್ಲಗಳು ಐಸೊ-ಆಲ್ಫಾ ಆಮ್ಲಗಳಾಗಿ ಬದಲಾಗಿ ಕಹಿ ಕೊಡುತ್ತವೆ, ಮತ್ತು ಇವು ಒಡೆಯುವುದು ಪರಿಮಳ ಹಾರಿಹೋಗುವುದಕ್ಕಿಂತ ಬಹಳ ನಿಧಾನ. ಆದ್ದರಿಂದ ಹಾಪ್ಸ್ ಹೆಚ್ಚಾಗಿರುವ ಬಿಯರು ಮುದಿಯಾಗುವಾಗ ಮೊದಲು ಮೂಗಿಗೆ ಸಾಯುತ್ತದೆ, ನಾಲಿಗೆಗೆ ಆಮೇಲೆ. ಈ ಎರಡರ ನಡುವಿನ ಕಾಲ ಅಷ್ಟೇನೂ ಸುಖದ್ದಲ್ಲ. 2020ರ ಲೋಟ ನಮ್ಮಿಬ್ಬರಿಗೂ ಸೇರಲಿಲ್ಲ.

2017ರದ್ದನ್ನು ಹೆಂಡತಿ ಮೂಸಿ ನೋಡಿ, "ರೀ, ಇದು ನಿಮ್ಮೂರಿನ ಜೋನಿಬೆಲ್ಲದ ಥರ ಇದೆ" ಎಂದಳು. ತೀರ್ಥಹಳ್ಳಿಯ ಕಡೆಯ ಆಲೆಮನೆಯಲ್ಲಿ ಕೊಪ್ಪರಿಗೆಯ ತಳ ಹಿಡಿಯುವ ಹೊತ್ತಿಗೆ ಏಳುವ ಆ ವಾಸನೆಯನ್ನು ಅಷ್ಟು ಸರಿಯಾಗಿ ಗುರುತಿಸಲು ನನಗೇ ಆಗಿರಲಿಲ್ಲ. ಒಣದ್ರಾಕ್ಷಿ, ಅಂಜೂರ, ಸ್ವಲ್ಪ ಸುಟ್ಟ ಸಕ್ಕರೆ ಎಲ್ಲವೂ ಅದರಲ್ಲಿದ್ದವು. ಕಹಿ ಹಿಂದೆ ಸರಿದು, ಸಿಹಿ ಅತಿಯಾಗದಂತೆ ತಡೆಯುವಷ್ಟು ಮಾತ್ರ ಉಳಿದಿತ್ತು. ಏಳು ವರ್ಷದಲ್ಲಿ ಹೊಸದಾಗಿ ಬಂದು ಸೇರಿದ ಸಿಹಿಯಲ್ಲ ಅದು. ಮೊದಲಿನಿಂದಲೂ ಅಡಿಯಲ್ಲಿದ್ದ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ರುಚಿ, ಮೇಲಿನ ಗದ್ದಲ ಅಡಗಿದ ಮೇಲೆ ಕೇಳಿಸತೊಡಗಿತ್ತು. 2014ರದ್ದು ಹಳೆಯ ಹುಣಸೆಹಣ್ಣಿನಂತೆ ಕಪ್ಪಿಟ್ಟು, ಶೆರಿ ವೈನಿನ ಘಮದ ಜೊತೆಗೆ ಸೋಯಾ ಸಾಸಿನ ಉಪ್ಪುಛಾಯೆಯನ್ನೂ ಪಡೆದಿತ್ತು. ಗೆಳೆಯ ಅದನ್ನೇ ಮೆಚ್ಚಿದ. ನನ್ನ ಮಟ್ಟಿಗೆ ಅದರ ಕಾಲ ದಾಟಿತ್ತು.

ಇಷ್ಟಕ್ಕೆ ನಿಲ್ಲಿಸಿದ್ದರೆ ಹತ್ತು ವರ್ಷ ಕಾದದ್ದು ಸಾರ್ಥಕವೆಂದುಕೊಂಡು ಮಲಗಬಹುದಿತ್ತು. ಗ್ಯಾರೇಜಿನಲ್ಲಿ ಹಳೆಯ ಪೇಂಟ್ ಡಬ್ಬಗಳ ಹಿಂದೆ, ಎರಡು ಬೇಸಿಗೆಗಳನ್ನು ಕಳೆದಿದ್ದ ಆರು ಕ್ಯಾನ್ ಡಬಲ್ ಐಪಿಎ ಎಂಬ ಬಿಯರು ಸಿಕ್ಕಿತು. ಅದರಲ್ಲಿಯೂ ಆಲ್ಕೊಹಾಲ್ ಶೇ. 8ಕ್ಕಿಂತ ಹೆಚ್ಚಿತ್ತು, ಹಾಪ್ಸಂತೂ ಧಾರಾಳ. ಬಾರ್ಲಿವೈನಿಗೆ ಒಪ್ಪಿದ್ದು ಇದಕ್ಕೂ ಒಪ್ಪೀತೆಂದು ನಾನೇ ಇಟ್ಟು ಮರೆತದ್ದು. ನನ್ನನ್ನು ದಾರಿ ತಪ್ಪಿಸಿದ್ದರಲ್ಲಿ ಐಪಿಎಯ ಪೂರ್ಣರೂಪವಾದ ಇಂಡಿಯಾ ಪೇಲ್ ಏಲ್ ಎಂಬ ಹೆಸರಿನ ಪಾಲೂ ಇದೆ. ಹದಿನೆಂಟನೆಯ ಶತಮಾನದ ಕೊನೆಗೆ ಲಂಡನ್ನಿನ ಹಾಡ್ಜ್‌ಸನ್, 1820ರ ದಶಕದಲ್ಲಿ ಬರ್ಟನ್ನಿನ ಆಲ್ಸಪ್ ಮುಂತಾದ ಬಿಯರ್ ತಯಾರಕರು ಪೀಪಾಯಿಗಳಲ್ಲಿ ಕಳುಹಿಸುತ್ತಿದ್ದ ಇಂಥ ಬಿಯರು, ಗುಡ್‌ಹೋಪ್ ಭೂಶಿರವನ್ನು ಸುತ್ತಿಕೊಂಡು ತಿಂಗಳುಗಟ್ಟಲೆ ಹಡಗಿನ ಹೊಟ್ಟೆಯಲ್ಲಿ ತೊನೆದು ಕಲ್ಕತ್ತ, ಮುಂಬಯಿ ತಲುಪುತ್ತಿತ್ತು. ಆ ಪ್ರಯಾಣದಿಂದ ಅದು ಹದಕ್ಕೆ ಬರುತ್ತಿತ್ತು ಎಂಬ ಮಾತೂ ಇತ್ತು. ಕೆಡದಿರಲೆಂದೇ ಅದಕ್ಕೆ ಹಾಪ್ಸ್ ಹೆಚ್ಚಾಗಿ ಹಾಕುತ್ತಿದ್ದರು. ಇಂದಿನ ಕ್ಯಾಲಿಫೋರ್ನಿಯಾದ ಡಬಲ್ ಐಪಿಎಯಲ್ಲಿ ಹಾಪ್ಸ್ ಇರುವುದು ಪರಿಮಳಕ್ಕೆ. ಮೈ ಹಗುರವಾಗಿರಲೆಂದು ಹಲವರು ಮಾಲ್ಟ್ ತಗ್ಗಿಸಿ, ಪೂರ್ತಿ ಹುದುಗಿಹೋಗುವ ಸಕ್ಕರೆ ಸೇರಿಸುತ್ತಾರೆ. ಪರಿಮಳ ಹೋದ ಮೇಲೆ ಅಡಿಯಿಂದ ಎದ್ದು ಬರಲು ಅಲ್ಲೇನೂ ಇರುವುದಿಲ್ಲ. ಪ್ಲಿನಿ ದಿ ಎಲ್ಡರ್ ಎಂಬ ಹೆಸರಾಂತ ಡಬಲ್ ಐಪಿಎಯ ಬಾಟಲಿಯ ಮೇಲೆ, ತಣ್ಣಗಿಡಿ, ತಾಜಾ ಇರುವಾಗಲೇ ಕುಡಿಯಿರಿ, ಹಳೆಯದಾಗಿಸಬೇಡಿ ಎಂದು ಅಚ್ಚು ಹಾಕಿಯೇ ಮಾರುತ್ತಾರೆ. ಅದನ್ನು ಎಷ್ಟೋ ಸಲ ಓದಿಯೂ ಇದ್ದೆ.

ಕ್ಯಾನ್ ತೆರೆದಾಗ ಹೊಂಬಣ್ಣ ಹೋಗಿ ಕಡು ಕಷಾಯದ ಬಣ್ಣ ಬಂದಿತ್ತು. ಮಳೆಗೆ ನೆನೆದ ರಟ್ಟಿನ ವಾಸನೆ. ಹಳಸಿದ ಬಿಯರಿಗೆ ಈ ವಾಸನೆ ಕೊಡುವ ಟ್ರಾನ್ಸ್-2-ನಾನೆನಾಲ್ ಎಂಬ ವಸ್ತುವನ್ನು ಲೀಟರಿಗೆ ಒಂದು ಮೈಕ್ರೋಗ್ರಾಂನ ಹತ್ತನೆಯ ಒಂದು ಪಾಲಿದ್ದರೂ ಮೂಗು ಹಿಡಿಯಬಲ್ಲದು. ಹೊರಗೆ 40 ಡಿಗ್ರಿ ದಾಟುವ ಇಲ್ಲಿನ ಜುಲೈಯಲ್ಲಿ, ತಗಡಿನ ಬಾಗಿಲಿನ ಗ್ಯಾರೇಜು ಅದರ ಕೆಲಸವನ್ನು ಬೇಗ ಮುಗಿಸಿತ್ತು. ಕಹಿಯೂ ಒರಟಾಗಿ, ಕೆಮ್ಮಿನ ಔಷಧಿಯ ಸಿಹಿಯೊಡನೆ ಬೆರೆಯದೆ ಬೇರೆಯಾಗಿಯೇ ನಿಂತಿತ್ತು. ಗೆಳೆಯ ಒಂದು ಗುಟುಕು ಬಾಯಲ್ಲಿಟ್ಟುಕೊಂಡೇ ಸಿಂಕಿನ ಕಡೆ ನಡೆದ. ಆರೂ ಕ್ಯಾನುಗಳನ್ನು ಅಲ್ಲಿಯೇ ಸುರಿದೆವು. ನೊರೆ ಮಾತ್ರ ಹೊಸದರಂತೆಯೇ ಉಕ್ಕಿತು.

ಹೊಸ ಮನೆಗೆ ಮಹಡಿಯೂ ಇಲ್ಲ, ಮೆಟ್ಟಿಲಿನ ಗೂಡೂ ಇಲ್ಲ. ಉಳಿದಿದ್ದ 2023ರ ಮೂರು ಬಾಟಲಿಗಳು ಈಗ ಫ್ರಿಜ್ಜಿನ ಕೆಳಗಿನ ತರಕಾರಿ ಪೆಟ್ಟಿಗೆಯಲ್ಲಿ ಮಲಗಿವೆ. ಕೊತ್ತಂಬರಿ ಸೊಪ್ಪು ಬಾಡಿದಾಗಲೆಲ್ಲ ಅವುಗಳ ಮೇಲೆ ದೂರು ಬರುತ್ತಿದೆ.