ಹೊಟ್ಟೆನೇ ಕತ್ತರಿಸಿದ್ದಾರಲ್ಲ, ಇನ್ನೂ ಯಾಕೆ ಪಥ್ಯ?

ನಾನು ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು ಐದು ವರ್ಷ ಆಯಿತು. ಗೊತ್ತಿದ್ದವರು ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ: "ಹೊಟ್ಟೆನೇ ಕತ್ತರಿಸಿದ್ದಾರಲ್ಲ, ಇನ್ನೂ ಯಾಕೆ ಈ ವಾಕಿಂಗು, ಪಥ್ಯ, ಮಾತ್ರೆ?" ಕೆಲವರು ಕುತೂಹಲಕ್ಕೆ ಕೇಳುತ್ತಾರೆ. ಇನ್ನು ಕೆಲವರ ದನಿ ಬೇರೆ. ಪರೀಕ್ಷೆಯಲ್ಲಿ ಕಾಪಿ ಹೊಡೆದು ಪಾಸಾದವಳು ಈಗ ಸುಮ್ನೆ ಪುಸ್ತಕ ಹಿಡಿದು ಕೂತಿದ್ದಾಳೆ ಅನ್ನುವ ಹಾಗೆ.

ಒಳಗೆ ಏನಾಗಿದೆ ಅಂತ ಮೊದಲು ಹೇಳಿಬಿಡುತ್ತೇನೆ. ನನ್ನದು ಸ್ಲೀವ್ ಆಪರೇಷನ್. ಇದರಲ್ಲಿ ಜಠರದ ಶೇ. 75ರಿಂದ 80ರಷ್ಟು ಭಾಗ ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಜಾಸ್ತಿ ತಯಾರಾಗುವುದು ತೆಗೆದುಹಾಕಿದ ಆ ಭಾಗದಲ್ಲೇ. ಹಾಗಾಗಿ ಮೊದಲ ಕೆಲವು ತಿಂಗಳು ನನಗೆ ಹಸಿವೇ ಆಗುತ್ತಿರಲಿಲ್ಲ. ಊಟದ ಹೊತ್ತಿಗೆ ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಂಡಿದ್ದೆ, ನಂಬುತ್ತೀರಾ?

ಮೊದಲು ಬರೀ ನೀರಾದದ್ದು, ಆಮೇಲೆ ಹಿಸುಕಿದ್ದು, ಆಮೇಲೆ ಮೆತ್ತಗಿನದ್ದು. ಗಟ್ಟಿ ಆಹಾರ ಅಂತ ಮೊದಲು ತಿಂದದ್ದು ಬೇಯಿಸಿದ ಮೊಟ್ಟೆಯಲ್ಲಿ ಅರ್ಧ. ಅದಕ್ಕೆ 20 ನಿಮಿಷ ಹಿಡಿಯಿತು. ಒಂದೊಂದು ತುಣುಕನ್ನೂ ಬಾಯಲ್ಲೇ ನೀರಾಗುವ ತನಕ ಅಗಿಯಬೇಕು. ಕೊನೆಯ ಚೂರು ಯಾಕೆ ಬಿಡಬೇಕು ಅಂತ ಬಾಯಿಗೆ ಹಾಕಿಕೊಂಡೆ. ಎದೆಯ ಮಧ್ಯೆ ಯಾರೋ ಮುಷ್ಟಿ ಒತ್ತಿದ ಹಾಗಾಯಿತು. ಅರ್ಧ ಗಂಟೆ ಹಾಗೇ ಗೋಡೆಗೆ ಒರಗಿ ಕೂತಿದ್ದೆ.

ಆ ವರ್ಷ 34 ಕಿಲೋ ಇಳಿಯಿತು. ಎಲ್ಲರೂ ಹೊಗಳಿದರು, ನಾನೂ ನನ್ನನ್ನೇ ಹೊಗಳಿಕೊಂಡೆ. ಎಂಥಾ ಶಿಸ್ತು ನಂದು! ಈಗ ಯೋಚಿಸಿದರೆ ನಗು ಬರುತ್ತದೆ. ಹಸಿವಿಲ್ಲದವರಿಗೆ ಶಿಸ್ತು ಯಾವ ಲೆಕ್ಕ?

ನಿಜವಾದ ಪರೀಕ್ಷೆ ಶುರುವಾದದ್ದು ಮೂರನೇ ವರ್ಷ. ಹಸಿವು ಮೆಲ್ಲಗೆ ವಾಪಸ್ ಬಂತು. ಊಟ ಚಿಕ್ಕದಾಗಿಯೇ ಇತ್ತು, ಆದರೂ ತೂಕದ ಯಂತ್ರದಲ್ಲಿ ಮುಳ್ಳು ಮೇಲೆ ಹೋಗುತ್ತಿತ್ತು. ಎಂಟು ತಿಂಗಳಲ್ಲಿ ಒಂಬತ್ತು ಕಿಲೋ. ಜಠರ ಹಿಗ್ಗಿಬಿಟ್ಟಿದೆ ಅಂತ ಹೆದರಿ ಡಯಟೀಷಿಯನ್ ಹತ್ತಿರ ಓಡಿದೆ. ತಿಂದದ್ದೆಲ್ಲ ಬರೆದುಕೊಂಡು ಬಾ ಅಂದರು. ಚೆನ್ನಾಗಿಯೇ ಬರೆದುಕೊಂಡು ಹೋದೆ. ಪುಟ ತಿರುವಿ ನೋಡಿ ಅವರು ಕೇಳಿದ್ದು ಇಷ್ಟೇ: "ಊಟದ ಲೆಕ್ಕ ಸರಿಯಾಗಿದೆ. ಊಟ ಅಲ್ಲದ್ದು ಎಲ್ಲಿ?"

ಊಟ ಅಲ್ಲದ್ದು ಅಂದರೆ ಚಿಪ್ಸ್. ರಾತ್ರಿ ಕೆಲಸ ಮುಗಿಸಿ ಟಿವಿ ಮುಂದೆ ಕೂತು, ಒಂದೊಂದಾಗಿ, ಜೊತೆಗೆ ಟೀ. ಮೊಟ್ಟೆಯಂಥ ಗಟ್ಟಿ ಆಹಾರ ಆ ಸಣ್ಣ ಕೊಳವೆಯಲ್ಲಿ ಹೊತ್ತು ನಿಂತು ಸಾಕು ಅನಿಸುತ್ತದೆ. ಚಿಪ್ಸ್, ಬಿಸ್ಕತ್ತು ಎಂಜಲಲ್ಲೇ ಕರಗಿ ಹಿಟ್ಟಾಗಿ, ಟೀ ಜೊತೆ ಸರ್ರನೆ ಕೆಳಗೆ ಜಾರುತ್ತವೆ. ಐಸ್‌ಕ್ರೀಮ್ ಅಂತೂ ಕೇಳುವುದೇ ಬೇಡ. ಅರ್ಧ ಮೊಟ್ಟೆಗೆ ಎದೆ ಹಿಡಿದುಕೊಂಡವಳು ಎರಡು ಗಂಟೆಯಲ್ಲಿ ದೊಡ್ಡ ಪ್ಯಾಕೆಟ್ ಖಾಲಿ ಮಾಡುತ್ತಿದ್ದೆ. ಹೊಟ್ಟೆ ಒಂದು ಸಲವೂ ತಕರಾರು ಮಾಡಲಿಲ್ಲ. ಸರ್ಜನ್ ಕತ್ತರಿಸಿದ್ದು ಜಠರವನ್ನು. ರಾತ್ರಿ ಹತ್ತೂವರೆಗೆ ಡಬ್ಬಿ ಹುಡುಕುವ ಕೈ ಹಾಗೇ ಇತ್ತು.

ಹಾಗಾದರೆ ಆಪರೇಷನ್ ದಂಡವಾ? ಖಂಡಿತ ಅಲ್ಲ. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ಒಂದು ದೊಡ್ಡ ಅಧ್ಯಯನ ಇದೆ. ಅದರಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ (ಜಠರ ಚಿಕ್ಕದು ಮಾಡಿ, ಅದನ್ನು ಕರುಳಿನ ಮುಂದಿನ ಭಾಗಕ್ಕೆ ಜೋಡಿಸುವ ಇನ್ನೊಂದು ಬಗೆಯ ತೂಕ ಇಳಿಸುವ ಆಪರೇಷನ್) ಮಾಡಿಸಿಕೊಂಡವರ ತೂಕ ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ ಶೇ. 32ರಷ್ಟು ಇಳಿದಿತ್ತು. ಹತ್ತು ವರ್ಷದ ಹೊತ್ತಿಗೆ ಆ ಇಳಿಕೆ ಶೇ. 25ಕ್ಕೆ ಬಂದು ನಿಂತಿತು. ಆಪರೇಷನ್ ಇಲ್ಲದವರ ತೂಕ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಅಂದರೆ ಸ್ವಲ್ಪ ವಾಪಸ್ ಬರುವುದು ಮಾಮೂಲು, ಬಹುಪಾಲು ಉಳಿಯುತ್ತದೆ. ನನ್ನ ಸಕ್ಕರೆ ಕಾಯಿಲೆ ಮಾತ್ರೆಗಳು ನಿಂತಿವೆ, ಮೊಣಕಾಲು ನೋವಿಲ್ಲದೆ ಮೆಟ್ಟಿಲು ಹತ್ತುತ್ತೇನೆ. ಇದನ್ನು ಅಡ್ಡದಾರಿ ಅನ್ನುವವರ ಜೊತೆ ವಾದ ಮಾಡುವುದನ್ನು ಬಿಟ್ಟಿದ್ದೇನೆ.

ಮಾತ್ರೆ ಯಾಕೆ ಅಂತ ಕೇಳಿದಿರಿ, ಅಲ್ವಾ? ಬಿ12 ವಿಟಮಿನ್ ಮೈಗೆ ಹಿಡಿಯಬೇಕಾದರೆ ಜಠರದಲ್ಲಿ ತಯಾರಾಗುವ ಒಂದು ಪ್ರೋಟೀನ್ ಬೇಕು. ಜಠರ ಚಿಕ್ಕದಾದ ಮೇಲೆ ಅದೂ ಕಡಿಮೆ. ತಮಾಷೆ ಅಂದರೆ ಲಿವರ್ ಬಿ12 ಕೂಡಿಟ್ಟುಕೊಂಡಿರುತ್ತದೆ, ಹಾಗಾಗಿ ಕೊರತೆ ಬೇಗ ಗೊತ್ತಾಗುವುದಿಲ್ಲ. ಎರಡನೇ ವರ್ಷ ನಾನು ಚೆನ್ನಾಗಿದ್ದೇನೆ ಅಂತ ಮಾತ್ರೆ ಬಿಟ್ಟೆ. ಕೆಲವು ತಿಂಗಳಲ್ಲಿ ಬೆರಳ ತುದಿ ಜುಮ್ಮೆನ್ನಲು ಶುರುವಾಯಿತು, ರಕ್ತಪರೀಕ್ಷೆಯಲ್ಲಿ ಸಿಕ್ಕಿಬಿದ್ದೆ. ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ ಕೂಡ ಕಡಿಮೆ ಬೀಳಬಹುದು, ಅದಕ್ಕೇ ಅವುಗಳ ಮಾತ್ರೆಯೂ ಬೇಕು. ವಾಕಿಂಗು, ಡಂಬೆಲ್ಲು ಯಾಕೆ ಅಂದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ತಿನ್ನು ಅಂತ ಡಯಟೀಷಿಯನ್ ನನ್ನ ಹಿಂದೆ ಬೀಳುವುದೂ ಅದಕ್ಕೇ.

ನೀವೂ ಮಾಡಿಸಿಕೊಳ್ಳುವ ಯೋಚನೆಯಲ್ಲಿದ್ದರೆ, ಎಷ್ಟು ಕಿಲೋ ಇಳಿಯುತ್ತದೆ ಅಂತ ಡಾಕ್ಟರನ್ನು ಆಮೇಲೆ ಕೇಳಿ. ಮೂರನೇ ವರ್ಷ ತೂಕ ಏರಿದಾಗ ನನ್ನ ಫೋನ್ ಯಾರು ಎತ್ತುತ್ತಾರೆ ಅಂತ ಮೊದಲು ಕೇಳಿ.

ಆ ಒಂಬತ್ತರಲ್ಲಿ ಆರು ಕಿಲೋ ಮತ್ತೆ ಇಳಿಸಿದ್ದೇನೆ. ದೊಡ್ಡ ಸಾಹಸ ಏನೂ ಮಾಡಲಿಲ್ಲ. ಊಟದ ಜೊತೆ ನೀರು, ಟೀ ಇಲ್ಲ, ಅರ್ಧ ಗಂಟೆ ಬಿಟ್ಟು ಕುಡಿಯುತ್ತೇನೆ. ತಟ್ಟೆಯಲ್ಲಿ ಮೊದಲು ಪ್ರೋಟೀನ್, ಆಮೇಲೆ ತರಕಾರಿ, ಜಾಗ ಇದ್ದರೆ ಉಳಿದದ್ದು. ಟಿವಿ ಮುಂದೆ ತಿನ್ನುವುದಿಲ್ಲ. ಹತ್ತೂವರೆಗೆ ಕೈ ಈಗಲೂ ಡಬ್ಬಿ ಕಡೆ ಹೋಗುತ್ತದೆ, ಅದಕ್ಕೇ ಮನೆಗೆ ಚಿಪ್ಸ್ ತರುವುದನ್ನೇ ನಿಲ್ಲಿಸಿದ್ದೇವೆ. ಮಗ ಹೊರಗೆಲ್ಲೋ ತಿಂದು, ಬಾಗಿಲಲ್ಲೇ ಬಾಯಿ ಒರೆಸಿಕೊಂಡು ಒಳಗೆ ಬರುತ್ತಾನೆ. ವಾಸನೆಯಲ್ಲೇ ಯಾವ ಫ್ಲೇವರ್ ಅಂತ ನನಗೆ ಗೊತ್ತಾಗುತ್ತದೆ, ಹೇಳುವುದಿಲ್ಲ.