ಹೆಡ್‌ಸೆಟ್ ಕೊಳ್ಳೋಕೆ ಬಂದರೆ ನಾನು ಮೊದಲು ಮೈಕ್ ತೋರಿಸ್ತೀನಿ

ತುಮಕೂರಿನ ಬಿ.ಎಚ್. ರಸ್ತೆಯ ಕಂಪ್ಯೂಟರ್ ಅಂಗಡಿಯಲ್ಲಿ ನನ್ನ ಕೆಲಸ. ಗೇಮಿಂಗ್ ಹೆಡ್‌ಸೆಟ್ ಕೇಳಿಕೊಂಡು ಬರುವವರಲ್ಲಿ ಇಂಜಿನಿಯರಿಂಗ್ ಹುಡುಗರೇ ಜಾಸ್ತಿ. ಬಾಕ್ಸ್ ಕೈಗೆ ಸಿಕ್ಕ ಕೂಡಲೇ "ಅಣ್ಣಾ, ಇದ್ರಲ್ಲಿ 7.1 ಇದ್ಯಾ? ಲೈಟ್ ಬರುತ್ತಾ?" ಅಂತ ಶುರು. (7.1 ಅಂದರೆ ಸದ್ದು ಸುತ್ತಲಿಂದಲೂ ಬಂದಂತೆ ಅನ್ನಿಸುವ ಸರೌಂಡ್ ಸೌಂಡ್.) ಮೈಕ್ ಹೇಗಿದೆ ಅಂತ ಕೇಳುವವರು ಅಪರೂಪ. ಕೇಳದಿರುವುದಕ್ಕೆ ಕಾರಣವೂ ಇದೆ: ಸೌಂಡ್ ಕೇಳಿಸುವುದು ದುಡ್ಡು ಕೊಟ್ಟವನಿಗೆ, ಮೈಕ್ ಕೇಳಿಸುವುದು ಅವನ ಜೊತೆ ಆಡುವವರಿಗೆ. ಸ್ಕ್ವಾಡ್‌ನವರು ಬೈಯುವ ತನಕ ಅವನಿಗೆ ವಿಷಯವೇ ಗೊತ್ತಾಗುವುದಿಲ್ಲ.

ಅದಕ್ಕೇ ನಾನು ಡೆಮೊ ಶುರು ಮಾಡುವುದು ಮೈಕಿನಿಂದ. ಕೌಂಟರಿನ ಪಿಸಿಗೆ ಸಿಕ್ಕಿಸಿ, ಸೌಂಡ್ ರೆಕಾರ್ಡರ್ ಹಾಕಿ, ಫ್ಯಾನ್ ಜೋರು ಮಾಡಿ "ಮಾತಾಡಪ್ಪ" ಅನ್ನುತ್ತೇನೆ. ಏನು ಮಾತಾಡಲಿ ಅಂತ ನಾಚಿಕೊಂಡರೆ "ಪಾಪಣ್ಣ ಪಟಾಕಿ ಹೊಡೆದ, ಭೀಮಪ್ಪ ಬಾಗಿಲು ಬಡಿದ" ಅಂತ ಹೇಳಿಸುತ್ತೇನೆ. ಪ, ಬ, ಭ ಬಂದಾಗ ಬಾಯಿಂದ ಗಾಳಿ ನುಗ್ಗುತ್ತದೆ. ಮೈಕಿಗೆ ಸ್ಪಂಜ್ ಇಲ್ಲದಿದ್ದರೆ, ಅಥವಾ ಅದು ಬಾಯಿಯ ಎದುರಿಗೇ ಇದ್ದರೆ, ಪ್ರತಿ ಸಲವೂ ಡಬ್ ಅನ್ನುತ್ತದೆ. ತುಟಿಯ ಅಂಚಿಗೆ, ಎರಡು ಬೆರಳು ದೂರಕ್ಕೆ ಸರಿಸಿದರೆ ಮುಕ್ಕಾಲು ಪಾಲು ಹೋಗುತ್ತದೆ. ಆದರೆ ಸ, ಶ ಕಿವಿಗೆ ಚುಚ್ಚಿದರೆ ಸರಿಸಿ ಪ್ರಯೋಜನವಿಲ್ಲ, ಆ ಮೈಕ್ ಇರುವುದೇ ಹಾಗೆ.

ರೆಕಾರ್ಡಿಂಗ್ ಕೇಳಿಸಿದರೆ ಎಲ್ಲರದೂ ಒಂದೇ ಮಾತು: "ನನ್ ವಾಯ್ಸ್ ಹಿಂಗಿಲ್ಲ ಅಣ್ಣ." ನಮ್ಮ ದನಿ ನಮಗೆ ತಲೆಬುರುಡೆಯ ಮೂಲಕವೂ ಕೇಳುತ್ತದಲ್ಲ, ಹಾಗಾಗಿ ರೆಕಾರ್ಡಿಂಗ್ ಬೇರೆಯವರದು ಅನ್ನಿಸುವುದು ಸಹಜ. ಜೊತೆಗೆ ಬಂದ ಗೆಳೆಯನ ಕೈಲಿ ತೀರ್ಪು ಕೊಡಿಸುವುದು ವಾಸಿ. ಹೊರಗೆ ಬಸ್ಸುಗಳ ಹಾರನ್‌ಗೇನೂ ಬರವಿಲ್ಲ, ಅದು ನಮಗೆ ಪುಕ್ಕಟೆ ಟೆಸ್ಟ್. ಹಾರನ್ ಸ್ವಲ್ಪ ಕೇಳಿದರೂ ಪರವಾಗಿಲ್ಲ. ಅದನ್ನು ಅಳಿಸುವ ಭರದಲ್ಲಿ ಮಾತಿನ ಕೊನೆಯನ್ನೂ ನುಂಗುವ ಮೈಕ್ ಬೇಡ. ಅಂದ ಹಾಗೆ, ಕಡಿಮೆ ಬೆಲೆಯ ಬಾಕ್ಸ್ ಮೇಲೆ 'ನಾಯ್ಸ್ ಕ್ಯಾನ್ಸಲಿಂಗ್' ಅಂತಿದ್ದರೆ ಸಾಮಾನ್ಯವಾಗಿ ಅದು ಮೈಕಿನ ಬಗ್ಗೆ, ಕಿವಿಯ ಬಗ್ಗೆ ಅಲ್ಲ.

ಬ್ಲೂಟೂತ್ ಕೇಳಿದವರಿಗೂ ಇದನ್ನೇ ಮಾಡಿ ತೋರಿಸುತ್ತೇನೆ. ಹಾಡು ಚೆನ್ನಾಗಿ ಬರುತ್ತಿರುತ್ತದೆ, ಮೈಕ್ ಆನ್ ಆದ ತಕ್ಷಣ ಫೋನ್ ಕಾಲ್ ಮಟ್ಟಕ್ಕೆ ಇಳಿಯುತ್ತದೆ. ಸಾಮಾನ್ಯ ಬ್ಲೂಟೂತ್‌ನಲ್ಲಿ ಮೈಕ್ ಬಳಸಬೇಕಾದರೆ ಅದು ಹ್ಯಾಂಡ್ಸ್‌ಫ್ರೀ ಮೋಡ್‌ಗೆ ಹೋಗಲೇಬೇಕು. ವೈರ್‌ಲೆಸ್ಸೇ ಬೇಕು ಅನ್ನುವವರಿಗೆ 2.4 ಗಿಗಾಹರ್ಟ್ಸ್ ಡಾಂಗಲ್ (ಪಿಸಿಗೆ ಸಿಕ್ಕಿಸುವ ಪುಟ್ಟ ರಿಸೀವರ್) ಇರುವುದನ್ನು ಕೊಡುತ್ತೇನೆ; ಅದರಲ್ಲಿ ಸೌಂಡ್ ತಡವಾಗುವುದೂ ಕಡಿಮೆ.

ಇನ್ನು 7.1. ಬಹುತೇಕ ಹೆಡ್‌ಸೆಟ್‌ಗಳಲ್ಲಿ ಕಿವಿಗೊಂದೇ ಡ್ರೈವರ್, ಅಂದರೆ ಒಳಗಿನ ಪುಟ್ಟ ಸ್ಪೀಕರ್; ಉಳಿದದ್ದೆಲ್ಲ ಸಾಫ್ಟ್‌ವೇರ್ ಆಟ. ಅದನ್ನು ಆಫ್ ಮಾಡಿ ಬರೀ ಸ್ಟೀರಿಯೋದಲ್ಲಿ ಗೇಮಿನ ಎದುರಾಳಿಯ ಹೆಜ್ಜೆ ಸದ್ದು ಎಡಗಡೆಯಿಂದ ಬಂತೋ ಬಲಗಡೆಯಿಂದ ಬಂತೋ ಕೇಳಿ ನೋಡಿ. ವ್ಯಾಲರಂಟ್‌ನಂಥ ಗೇಮಿನ ಸೆಟ್ಟಿಂಗ್ಸ್‌ನಲ್ಲೇ ಎಚ್‌ಆರ್‌ಟಿಎಫ್ (ಬರೀ ಎರಡು ಕಿವಿಯ ಸದ್ದಿನಲ್ಲೇ ದಿಕ್ಕು ಗೊತ್ತಾಗುವಂತೆ ಮಾಡುವ ಆಯ್ಕೆ) ಇದೆ; ಅದರ ಮೇಲೆ 7.1 ಕೂಡ ಹಾಕಿದರೆ ದಿಕ್ಕು ಕಲಸುಮೇಲೋಗರ. ಅಂಗಡಿಯಲ್ಲಿ ಗುಂಯ್ ಅನ್ನುವ ಬಾಸ್ ಎಲ್ಲರಿಗೂ ಇಷ್ಟ. ಗೇಮಿನಲ್ಲಿ ಅದೇ ಬಾಸ್ ಹೆಜ್ಜೆ ಸದ್ದನ್ನು ಮುಚ್ಚಿಹಾಕುತ್ತದೆ.

ಕಂಫರ್ಟ್ ಬಗ್ಗೆ ಬಾಯಲ್ಲಿ ಹೇಳಿ ಉಪಯೋಗವಿಲ್ಲ. ತಲೆಗೆ ಹಾಕಿಸಿ, ಬೇರೆ ಗಿರಾಕಿಯ ಬಿಲ್ ಮುಗಿಸಿ ಬರುತ್ತೇನೆ. ಅಷ್ಟರಲ್ಲಿ ಕನ್ನಡಕದ ಕಡ್ಡಿ ಕಿವಿಯ ಮೇಲೆ ಒತ್ತುತ್ತಿದ್ದರೆ ಅವನ ಕೈ ತಾನಾಗಿ ಅಲ್ಲಿಗೆ ಹೋಗಿರುತ್ತದೆ. 350 ಗ್ರಾಂ ತೂಗಿದರೂ ಮೇಲಿನ ಪಟ್ಟಿ ಅಗಲವಾಗಿದ್ದರೆ ತಡೆಯಬಹುದು, ಕಿವಿ ಒಳಗಿನ ಬಟ್ಟೆಗೆ ತಾಗಿದರೆ ಮಾತ್ರ ತಡೆಯಲಾಗದು. ನಮ್ಮ ಏಪ್ರಿಲ್ ಸೆಕೆಗೆ ರೆಕ್ಸಿನ್ ಪ್ಯಾಡ್ ಬೆವರುತ್ತದೆ, ಆಮೇಲಾಮೇಲೆ ಕಪ್ಪು ಸಿಪ್ಪೆ ಉದುರಿ ಕೆನ್ನೆಗೆ ಅಂಟುತ್ತದೆ. ಬಟ್ಟೆ ಪ್ಯಾಡ್ ಹೊರಗಿನ ಸದ್ದನ್ನು ಸ್ವಲ್ಪ ಒಳಗೆ ಬಿಟ್ಟರೂ ನನ್ನ ಓಟು ಅದಕ್ಕೇ.

ಬಜೆಟ್ ತೀರಾ ಕಡಿಮೆಯಿದ್ದರೆ ಲೈಟಿನ ಹೆಡ್‌ಸೆಟ್ ಕೊಡಲು ನನಗೆ ಮನಸ್ಸಿಲ್ಲ. ಒಂದು ಒಳ್ಳೆಯ ವೈರ್ ಇಯರ್‌ಫೋನ್, ಕಾಲರ್‌ಗೆ ಸಿಕ್ಕಿಸುವ ಒಂದು ಮೈಕ್ ಸಾಕು. ಪಿಸಿಯಲ್ಲಿ ಮೈಕಿಗೂ ಸ್ಪೀಕರಿಗೂ ಬೇರೆ ಬೇರೆ ತೂತಿದೆಯೋ, ಎರಡಕ್ಕೂ ಒಂದೇ ತೂತೋ ನೋಡಿಕೊಂಡು ಬರಲಿ. ಒಂದೇ ಇದ್ದರೆ ಅದನ್ನು ಎರಡಾಗಿಸುವ ಸ್ಪ್ಲಿಟರ್ ಸೇರಿಸಿಯೇ ಬಿಲ್ ಹಾಕುತ್ತೇನೆ.