ಮಳೆ ಡೈರಿ ಮತ್ತು ಮೂರು ಗುಂಡು

ಕೊಡಗಿನ ತೋಟದವರಿಗೆ ಮಳೆ ಅಳೆಯುವುದು ಹಲ್ಲುಜ್ಜಿದಷ್ಟೇ ಸಹಜ. ಬೆಳಿಗ್ಗೆ ಎದ್ದು ಅಂಗಳದ ರೇನ್ ಗೇಜ್ ನೀರನ್ನು ಅಳತೆ ಗ್ಲಾಸಿಗೆ ಬಗ್ಗಿಸಿ, ಡೈರಿಯಲ್ಲಿ ಬರೆದ ಮೇಲೆಯೇ ಕಾಫಿ. ಮಿಲಿಮೀಟರ್ ನಮಗೆ ಇನ್ನೂ ಒಗ್ಗಿಲ್ಲ. ಇಂಚು, ಸೆಂಟ್ ಲೆಕ್ಕವೇ. ನೂರು ಸೆಂಟ್ ಅಂದರೆ ಒಂದು ಇಂಚು. ನಮ್ಮ ಮಾವನವರ ಡೈರಿಗಳು ಕಪಾಟಿನ ತುಂಬ ಇವೆ: ಕಾಫಿ ಹೂ ಅರಳಿಸುವ ಹೂಮಳೆ ಯಾವಾಗ ಬಂತು, ಪುಷ್ಯದಲ್ಲಿ ಎಷ್ಟು, ಆಶ್ಲೇಷದಲ್ಲಿ ಎಷ್ಟು. ಬರೆದದ್ದೆಲ್ಲ ಕಾಫಿ, ಮೆಣಸಿನ ಚಿಂತೆಯಿಂದ. ಆ ಅಂಕಿ ನೋಡಿ ಮನೆ ಬಿಟ್ಟು ಹೊರಟವರು ಯಾರೂ ಇಲ್ಲ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮದೆನಾಡು ಕಡೆ ಗುಡ್ಡ ಜಾರಿದಾಗಲೂ ಹೀಗೇ ಆಯಿತು. ವಾರಗಟ್ಟಲೆ ನೀರು ಕುಡಿದ ಮಣ್ಣು, ಅದರ ಮೇಲೆ ಆಶ್ಲೇಷದ ಹೊಡೆತ. ರಸ್ತೆಗೆ, ಮನೆಗೆ, ಹೋಂಸ್ಟೇಗೆ ಅಂತ ಬರೆಯನ್ನು, ಅಂದರೆ ಗುಡ್ಡದ ಕಡಿದಾದ ಅಂಚನ್ನು, ನೆಟ್ಟಗೆ ಕಡಿದದ್ದು ಬೇರೆ. ಮಳೆಯ ಅಂಕಿ ತೋಟ ತೋಟದ ಡೈರಿಯಲ್ಲೂ ಇತ್ತು, ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ ಅಷ್ಟೆ.

ಪಕ್ಕದ ವಯನಾಡಿನಲ್ಲಿ ಈ ಕೆಲಸವನ್ನು ಇನ್ನೊಂದು ಥರ ಮಾಡುತ್ತಾರೆ. ಕಲ್ಪೆಟ್ಟದ ಪರಿಸರ ಸಂಶೋಧನಾ ಸಂಸ್ಥೆ ಹ್ಯೂಮ್ ಸೆಂಟರ್‌ನವರು ಜಿಲ್ಲೆಯುದ್ದಕ್ಕೂ ಮಳೆಮಾಪಕ ಇಟ್ಟು, ಊರವರಿಂದಲೇ ಅಂಕಿ ತರಿಸಿಕೊಂಡು, ಯಾವ ಕಣಿವೆಗೆ ಅಪಾಯ ಅಂತ ಲೆಕ್ಕ ಹಾಕುತ್ತಾರೆ. 2020ರಲ್ಲಿ ಮುಂಡಕ್ಕೈಯ ಜನರನ್ನು ಮುಂಚಿತವಾಗಿ ಸ್ಥಳಾಂತರಿಸಿದ್ದರಿಂದ ಜೀವ ಉಳಿದಿತ್ತು. 2024ರ ಜುಲೈ 30ರ ನಡುರಾತ್ರಿ ಅದೇ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. ಸತ್ತವರು 250ಕ್ಕೂ ಹೆಚ್ಚು. ಹಿಂದಿನ ದಿನವೇ ಆಡಳಿತಕ್ಕೆ ಎಚ್ಚರಿಕೆ ಕೊಟ್ಟಿದ್ದೆವು ಅಂತ ಸೆಂಟರ್‌ನವರು ಹೇಳಿದರು. ಅಳೆದರೆ ಸಾಲದು, ಎಷ್ಟಾದರೆ ಯಾರು ಎಲ್ಲಿಗೆ ಹೋಗಬೇಕು ಅನ್ನುವುದು ಮಳೆಗಾಲಕ್ಕೆ ಮೊದಲೇ ತೀರ್ಮಾನ ಆಗಿರಬೇಕು ಅಂತ ನನಗೆ ಗಟ್ಟಿಯಾದದ್ದು ಆಗ.

ಜಿಲ್ಲೆಗೆಲ್ಲ ಸೇರಿ ಬರುವ ಆರೆಂಜ್ ಅಲರ್ಟ್ ನಂಬಿಕೊಂಡು ಕೂರಲು ಆಗುವುದಿಲ್ಲ. ಭಾಗಮಂಡಲದಲ್ಲಿ ಮಳೆ ಸುರಿಯುವಾಗ ಕುಶಾಲನಗರದಲ್ಲಿ ಬಟ್ಟೆ ಒಣಗುತ್ತಿರುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯ್ತಿ ಮಟ್ಟದಲ್ಲಿವೆ, ಉಪಯೋಗಕ್ಕೂ ಬರುತ್ತವೆ. ಆದರೆ ನಮ್ಮ ಪಂಚಾಯ್ತಿಯೊಳಗೇ ಮೂರು ಕಣಿವೆ ಇದೆಯಲ್ಲ!

ಹಾಗಾಗಿ ನಮ್ಮ ಕಣಿವೆಯ ಮನೆಗಳವರು ಕೂತು ಒಂದು ಒಪ್ಪಂದ ಮಾಡಿಕೊಂಡೆವು. ಬೆಳಿಗ್ಗೆ ಒಂದು ಸಲ ಅಳೆಯುವುದು ಕಾಫಿಗೆ ಸಾಕು, ಗುಡ್ಡಕ್ಕೆ ಸಾಲದು. ಜೋರು ಮಳೆಯಿದ್ದರೆ ರಾತ್ರಿಯೂ ಮೂರು ಗಂಟೆಗೊಮ್ಮೆ ಅಳೆಯಬೇಕು, ಸರದಿಯ ಮೇಲೆ. ಒಂದು ದಿನಕ್ಕೆ ಏಳು ಇಂಚು ದಾಟಿದರೆ ಬರೆಯ ಕೆಳಗಿನವರು ಶಾಲೆಗೆ ಹೊರಡಬೇಕು. ಏಳೇ ಯಾಕೆ ಅಂದರೆ, ಹಳೆಯ ಡೈರಿಗಳನ್ನು ತಿರುವಿ ಹಾಕಿ ನಮ್ಮ ನಮ್ಮಲ್ಲೇ ಒಪ್ಪಿಕೊಂಡದ್ದು. ಬೇರೆ ಊರಿನವರು ಇದನ್ನೇ ಹಿಡಿಯಬೇಡಿ. ಅಂಕಿಗೂ ಕಾಯದೆ ಹೊರಡಬೇಕಾದ ಗುರುತುಗಳೂ ಇವೆ: ಅಂಗಳದಲ್ಲಿ ಹೊಸ ಬಿರುಕು, ಮರ ಓರೆಯಾಗುವುದು, ಎಂದೂ ಇಲ್ಲದ ಕಡೆ ಜಲ ಏಳುವುದು. ಎಲ್ಲಕ್ಕಿಂತ ಕೆಟ್ಟದ್ದು, ಮಳೆ ಹೊಯ್ಯುತ್ತಿರುವಾಗಲೇ ತೋಡಿನ (ಹಳ್ಳದ) ನೀರು ಇದ್ದಕ್ಕಿದ್ದಂತೆ ಇಳಿಯುವುದು. ಮೇಲೆಲ್ಲೋ ಮಣ್ಣು ಕಟ್ಟಿಕೊಂಡಿದೆ ಅಂತ ಅರ್ಥ. ಇಳಿಜಾರಿನಲ್ಲಿದ್ದ ಇಂಗುಗುಂಡಿಗಳನ್ನೂ ಮುಚ್ಚಿಸಿದೆವು. ಬಯಲುಸೀಮೆಗೆ ಅದು ವರ, ನಮ್ಮಂಥ ಕಡಿದಾದ ಗುಡ್ಡಕ್ಕಲ್ಲ.

ಸುದ್ದಿ ಮುಟ್ಟಿಸುವ ವಿಚಾರದಲ್ಲೇ ಹೆಚ್ಚು ಚರ್ಚೆ ಆದದ್ದು. ವಾಟ್ಸಾಪ್ ಗ್ರೂಪ್ ಇದೆ, ಆದರೆ ಕರೆಂಟ್ ಹೋಗಿ ಟವರಿನ ಬ್ಯಾಟರಿ ಮುಗಿದರೆ ಫೋನು ಇದ್ದೂ ಇಲ್ಲದ ಹಾಗೆ. ಪಕ್ಕದ ತೋಟದ ಕೊಡವ ಅಜ್ಜ, "ಕೋವಿ ಇದೆಯಲ್ಲ ಮಗಳೇ" ಅಂದರು. ಆದರೆ ಅವರಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಅದಕ್ಕೇ ಈ ಎಚ್ಚರಿಕೆಗೆ ಮೂರು ಅಂತ ಗೊತ್ತುಮಾಡಿದೆವು. ಜೂನಿನ ಒಂದು ಜಡಿಮಳೆಯ ರಾತ್ರಿ ಪರೀಕ್ಷೆಗೆ ಹಾರಿಸಿದರು. ತೋಡಿನಾಚೆಯ ಎರಡು ಮನೆಗೆ ಕೇಳಿಸಲಿಲ್ಲ. ಅವರಿಗೆ ಜೋರು ಮಳೆಯಿದ್ದರೆ ಸಂಜೆಯೇ ಹೊರಟುಬಿಡಿ ಅಂದಿದ್ದೇವೆ. ದನಗಳ ಹಗ್ಗ ಬಿಚ್ಚಿ ಬಿಡುವುದು ಎಲ್ಲರಿಗೂ ಕಡ್ಡಾಯ.

ಲೈನ್‌ಮನೆಗಳದ್ದು, ಅಂದರೆ ತೋಟದ ಕೂಲಿಯವರ ಸಾಲುಮನೆಗಳದ್ದು, ಬೇರೆಯೇ ಕಥೆ. ನಮ್ಮ ಕಡೆ ಅವು ಇರುವುದೇ ಬರೆಯ ಬುಡದಲ್ಲಿ. ಒಳ್ಳೆಯ ಜಾಗದಲ್ಲಿ ಕಾಫಿ ಇರುತ್ತದೆ, ಕಣ ಇರುತ್ತದೆ. ಸಭೆಯಲ್ಲಿ ನಾವು ಇಂಚು, ಸೆಂಟ್ ಅಂತ ಮಾತಾಡುತ್ತಿದ್ದರೆ ಒಬ್ಬಳು ಕೇಳಿದಳು: "ಅಕ್ಕಾ, ರಾತ್ರಿ ಎದ್ದು ಶಾಲೆಗೆ ಹೋಗ್ತೀವಿ. ಗುಡ್ಡ ಜಾರದೇ ಇದ್ರೆ ಮಾರನೇ ದಿನದ ಕೂಲಿ ಯಾರು ಕೊಡ್ತಾರೆ?" ಯಾರ ಹತ್ತಿರವೂ ತಕ್ಷಣ ಉತ್ತರ ಇರಲಿಲ್ಲ. ಕೂಲಿ ಹೋಗುತ್ತದೆ ಅಂದರೆ ಎರಡನೇ ಸಲ ಯಾರೂ ಏಳುವುದಿಲ್ಲ, ಅದು ಸ್ಪಷ್ಟ. ಮಾರನೇ ದಿನದ ಪೂರ್ತಿ ಕೂಲಿ ತೋಟದವರೇ ಕೊಡಬೇಕು ಅಂತ ನಾನು ಹಟ ಹಿಡಿದೆ. ಹೆಚ್ಚಿನವರು ಒಪ್ಪಿ ಸಹಿ ಹಾಕಿದ್ದಾರೆ. ಒಬ್ಬರು ಇನ್ನೂ ಅರ್ಧ ಕೂಲಿಯಲ್ಲೇ ನಿಂತಿದ್ದಾರೆ. ಪುಷ್ಯ ಹಿಡಿಯುವ ಮೊದಲು ಅವರ ಮನೆಗೆ ಇನ್ನೊಮ್ಮೆ ಹೋಗಬೇಕು.